ಬಣ್ಣ ಬರುವ ತನಕ

ನಾನು ನಿಂತಿದ್ದದ್ದು ಕಾಲುವೆಯ ಏರಿಯ ಮೇಲೆ, ತೂಬಿನ ಕಬ್ಬಿಣದ ಚಕ್ರಕ್ಕೆ ಬೆನ್ನು ಕೊಟ್ಟು, ಪೂರ್ವಕ್ಕೆ ಮುಖ ಮಾಡಿ. ಮಳೆಗಾಲದ ಭತ್ತದ ಕೊಯ್ಲು ಮುಗಿದು, ಬೇಸಿಗೆ ಬೆಳೆಗೆ ಕಾಲುವೆಗೆ ನೀರು ಬಿಟ್ಟಿದ್ದ ವಾರ. ಮಂಗಳವಾರ, ಮಧ್ಯಾಹ್ನದ ಊಟದ ಹೊತ್ತು. ನನ್ನಿಂದ ಒಂದು ಮಾರು ಕೆಳಗೆ, ಕಾಲುವೆಯ ಇಳಿಜಾರಾದ ಸಿಮೆಂಟಿನ ಮೇಲೆ, ಡಾಕ್ಟ್ರಮ್ಮ ಬೋರಲು ಮಲಗಿದ್ದರು. ಅವರ ಬಲಗೈ ಮೊಣಕೈವರೆಗೆ ನೀರಿನಲ್ಲಿ ಇಳಿದು ಒಂದು ಕುರಿಯ ಕಿವಿಯನ್ನು ಹಿಡಿದಿತ್ತು. ಆ ಕೈಯ ಹೆಬ್ಬೆರಳಿನಲ್ಲಿ ಗೆರೆಗಳಿರಲಿಲ್ಲ. ಹಿಂದೆ ಯಾವಾಗಲೋ ಪ್ರಯೋಗಾಲಯದಲ್ಲಿ ದ್ರವ ಸಾರಜನಕ ಬಿದ್ದು ಸುಟ್ಟು, ಚರ್ಮ ಮೊಟ್ಟೆಯ ಸಿಪ್ಪೆಯಂತೆ ಬೆಳ್ಳಗೆ, ನುಣ್ಣಗೆ ಆಗಿತ್ತು. ಒದ್ದೆಯಾದ ಕಿವಿ ಆ ಬೆರಳಿನಿಂದ ಜಾರಿತು. ಅವರು ಮತ್ತೆ ಹಿಡಿದರು. ಮತ್ತೆ ಜಾರಿತು.

ನಾನು ಅವರ ಕಾಲು ಹಿಡಿದು ಮೇಲಕ್ಕೆಳೆಯಬೇಕಾಯಿತು. ಇಲ್ಲದಿದ್ದರೆ ಅವರೂ ಹೋಗುತ್ತಿದ್ದರು.

ನಮ್ಮ ಕಡೆ ಅವರನ್ನು ಹೆಸರಿನಿಂದ ಕರೆದವರಿಲ್ಲ. ಕುರಿಗಾರರಿಗೆ ಅವರು ಡಾಕ್ಟ್ರವ್ವ, ಊರಿನವರಿಗೆ ಡಾಕ್ಟ್ರಮ್ಮ, ಹಿಂದಿನಿಂದ ನಗುವವರಿಗೆ ಮೂಗಿನ ಡಾಕ್ಟ್ರಮ್ಮ. ನನಗೆ ಮೊದಲು ಮೇಡಂ ಆಗಿದ್ದರು, ಆಮೇಲೆ ಅಕ್ಕ ಆದರು. ನಾನು ಹೊನ್ನಾಳಿ ತಾಲ್ಲೂಕಿನಲ್ಲಿ ಪಶು ಪರಿವೀಕ್ಷಕ. ಹುಟ್ಟೂರು ಚನ್ನಗಿರಿ ತಾಲ್ಲೂಕಿನ ಉಬ್ರಾಣಿ ಕಡೆ. ಅವರು ನ್ಯಾಮತಿಯವರು. ತಂದೆ ಅಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದರಂತೆ. ಪಶುವೈದ್ಯ ಓದಿ, ಅದರ ಮೇಲೂ ಓದಿ, ಪ್ರಾಣಿಗಳ ಉಸಿರಾಟಕ್ಕೆ ತಗಲುವ ವೈರಸ್ಸುಗಳ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದರು. ಅವರ ಅರ್ಧ ಆಯುಷ್ಯ ಹೋದದ್ದು ಒಂದೇ ವೈರಸ್ಸಿನ ಹಿಂದೆ. ಕುರಿಗಾರರು ಅದನ್ನು ಹಿರೇಬೇನೆ ಅನ್ನುತ್ತಾರೆ, ಪುಸ್ತಕದಲ್ಲಿ ಪಿಪಿಆರ್ ಎಂದಿದೆ. ಕುರಿ ಮೇಕೆಗಳ ಮೂಗು ಸೋರಿ, ಬಾಯಿ ಹುಣ್ಣಾಗಿ, ಉಸಿರು ಕಟ್ಟಿ, ಭೇದಿಯಾಗಿ ಸಾಯುವ ರೋಗ.

ಇಲಾಖೆ ನಮ್ಮಂಥ ಕೆಲವರನ್ನು ಅವರ ಹತ್ತಿರ ತರಬೇತಿಗೆ ಕಳಿಸಿತ್ತು. ಸಾಲು ಸಾಲು ಸಣ್ಣ ಕುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯೊಂದನ್ನು ಎತ್ತಿ ಹಿಡಿದು, “ಇದೇನು ಹೇಳ್ರಿ ನೋಡಾನ,” ಅಂದರು.

“ಪಡ್ಡಿನ ಹಂಚು ಕಣ್ರಪ್ಪ. ದಾವಣಗೆರೆ ಸೀಮೆಯಾಗೆ ಹುಟ್ಟಿ ಪಡ್ಡಿನ ಹಂಚು ಗೊತ್ತಿಲ್ಲ ಅಂದ್ರೆ ಹೆಂಗೆ?”

ಎಲ್ಲರೂ ನಕ್ಕೆವು. ಅವರು ನಗಲಿಲ್ಲ. ಒಂದೊಂದು ಕುಳಿಯ ತಳದಲ್ಲೂ ಕಣ್ಣಿಗೆ ಕಾಣದ ಅಂಟು ಇರುತ್ತದೆ, ಆ ಅಂಟು ಒಂದೇ ಒಂದು ಪ್ರೋಟೀನನ್ನು ಹಿಡಿಯುತ್ತದೆ, ಬೇರೆ ಯಾವುದನ್ನೂ ಹಿಡಿಯುವುದಿಲ್ಲ ಎಂದರು. ಕುರಿಯ ಮೂಗಿನ ಸಿಂಬಳವನ್ನು ಅದರಲ್ಲಿ ಹಾಕಿ ತೊಳೆದಾಗ, ಆ ಪ್ರೋಟೀನ್ ಇದ್ದರೆ ಉಳಿಯುತ್ತದೆ, ಮೇಲೆ ಹಾಕಿದ ನೀರಿನಂಥ ದ್ರವ ಬಣ್ಣ ತಿರುಗುತ್ತದೆ. ಇಲ್ಲದಿದ್ದರೆ ತಿಳಿಯಾಗಿಯೇ ಇರುತ್ತದೆ.

ಯಾವ ಪ್ರೋಟೀನ್ ಎಂದು ನಾನು ಕೇಳಿದೆ. ಅವರು ಹಲಗೆಯ ಮೇಲೆ ಒಂದು ಉದ್ದ ಗೆರೆ ಎಳೆದು ಆರು ಭಾಗ ಮಾಡಿದರು. “ಇದು ಕಾಲುವೆ ಅಂತ ತಿಳ್ಕಳ್ರಿ. ಆರು ಜೀನು, ಆರು ಗದ್ದೆ. ನೀರು ಮೊದಲನೇ ಗದ್ದೆಗೆ ರಾಶಿ ಹೋಗ್ತೈತೆ, ಕೊನೇ ಗದ್ದೆಗೆ ಒಂದು ಹನಿ ಮುಟ್ಟಿದ್ರೆ ಪುಣ್ಯ. ವೈರಸ್ಸಿಂದೂ ಹಂಗೇ. ಮೊದಲನೇ ಜೀನಿನ ಪ್ರೋಟೀನ್ ಬೇಕಾದಷ್ಟು ತಯಾರಾಗ್ತೈತೆ. ಹುಡುಕೋನು ಹೆಚ್ಚು ಇರೋ ಕಡೆ ಹುಡುಕಬೇಕು.”

ಕಾಲುವೆಯ ಕೊನೆಗದ್ದೆಯವರ ಮಕ್ಕಳು ಆ ಕೋಣೆಯಲ್ಲಿ ಹಲವರಿದ್ದೆವು. ಮತ್ತೆ ವಿವರಿಸಬೇಕಾಗಲಿಲ್ಲ.

ಅವರದು ಒಂದು ಮಾತಿತ್ತು: “ಬಣ್ಣ ಬರೋ ತನಕ ಬಾಯಿ ಬಿಡಬಾರದು.” ತಟ್ಟೆಗೆ ದ್ರವ ಹಾಕಿದ ಮೇಲೆ, ಹೊತ್ತು ತುಂಬುವವರೆಗೆ, ನಾವು “ಬಂತು ಅನ್ಸುತ್ತೆ ಮೇಡಂ” ಅಂದರೆ ತಟ್ಟೆಯ ಮೇಲೆ ಕಾಗದ ಮುಚ್ಚಿಬಿಡುತ್ತಿದ್ದರು. ಹೊರಗೂ ಅವರು ಹಾಗೇ. ಬಸ್ ಹೊರಟಿದೆಯಾ ಎಂದು ಕೇಳಿದರೆ “ನಾನು ನೋಡಿಲ್ಲ” ಅನ್ನುತ್ತಿದ್ದರೇ ಹೊರತು ಹೊರಟಿಲ್ಲ ಅನ್ನುತ್ತಿರಲಿಲ್ಲ. ಅವರ ಜೊತೆ ಓಡಾಡುವುದು ಕೆಲವೊಮ್ಮೆ ಬೇಸರ ತರಿಸುತ್ತಿತ್ತು.

ಆದರೆ ಕುರಿಗಳ ಜೊತೆ ಬೇರೆ ಥರ ಇದ್ದರು. ತಲೆಯನ್ನು ಮಂಡಿಗಳ ನಡುವೆ ಹಿಡಿದು, ಹತ್ತಿ ಸುತ್ತಿದ ಕಡ್ಡಿಯನ್ನು ಮೂಗಿಗೆ ಹಾಕುವ ಮೊದಲು, “ಒಂಚೂರು ಕಚಗುಳಿ ಆಗ್ತೈತೆ ಕಣವ್ವಾ, ತಡ್ಕ,” ಅನ್ನುತ್ತಿದ್ದರು. ಪ್ರತಿ ಕುರಿಗೂ ಅದೇ ಮಾತು. ಒಮ್ಮೆ ಒಬ್ಬ ಹೆಂಗಸು, “ಡಾಕ್ಟ್ರಮ್ಮಾ, ನಮ್ಮೆಜಮಾನ್ರ ಮೂಗಿಗೂ ಒಂದು ಕಡ್ಡಿ ಹಾಕ್ರಿ. ಗೊರಕೆ ಎಲ್ಲಿಂದ ಬರ್ತೈತೋ ನೋಡಾನ,” ಎಂದಳು. “ಕರ್ಕಂಬಾ. ತಲೆ ಹಿಡ್ಕಳಾಕೆ ಇವನಿದ್ದಾನೆ,” ಎಂದು ನನ್ನನ್ನು ತೋರಿಸಿದರು.

ಹಾಗೆ ಕೇಳಿದವಳು ರತ್ನಮ್ಮ. ಕಾಲುವೆಯ ಕೊನೆಯ ಊರಿನವಳು. ಗಂಡ ಕೂಲಿಗೆ ಹೋಗುತ್ತಿದ್ದ, ಅವಳು ಮೇಕೆ ಸಾಕಿದ್ದಳು. ನಾನು ಹೇಳಬೇಕಾದದ್ದು ನಡೆದದ್ದು ಅವಳ ಊರಿನಲ್ಲಿ.

ಭತ್ತ ಕೊಯ್ದ ಮೇಲೆ ಜಗಳೂರು ಕಡೆಯ ಕುರಿಗಾರರು ಮಂದೆ ಹೊಡೆದುಕೊಂಡು ನಮ್ಮ ಕಾಲುವೆ ಸೀಮೆಗೆ ಬರುತ್ತಾರೆ. ಅಲ್ಲಿ ಮೇವು ಒಣಗಿರುತ್ತದೆ, ಇಲ್ಲಿ ಕೂಳೆ ಇರುತ್ತದೆ. ಹಗಲು ಮೇಯಿಸಿ, ಸಂಜೆ ಯಾರ ಗದ್ದೆಯವರು ಕರೆದರೋ ಅವರ ಗದ್ದೆಯಲ್ಲಿ ಮಂದೆ ಕೂಡುತ್ತಾರೆ. ಗದ್ದೆಗೆ ಗೊಬ್ಬರವಾಗುತ್ತದೆ. ಗಾದ್ರಜ್ಜ ಹಾಗೆ ವರ್ಷವೂ ಬರುತ್ತಿದ್ದ ಕುರಿಗಾರ. ಆ ವರ್ಷ ಅವರು ಬಂದು ಕೆಲ ದಿನಕ್ಕೆ ಊರಿನ ಮೇಕೆಗಳು ಕೆಮ್ಮತೊಡಗಿದವು. ಆಮೇಲೆ ಸಾಯತೊಡಗಿದವು. ಸತ್ತವೆಲ್ಲ ಎರಡು ಮೂರು ಮೇಕೆ ಇಟ್ಟುಕೊಂಡ ಮನೆಗಳವು.

ಅದಕ್ಕೂ ಮೊದಲು, ಸಮೀಕ್ಷೆಗೆಂದು, ಇಲಾಖೆಯವರು ಗಾದ್ರಜ್ಜನ ಕುರಿಗಳ ರಕ್ತ ತೆಗೆದಿದ್ದರು. ಫಲಿತಾಂಶ ಪಾಸಿಟಿವ್. ಆ ಒಂದು ಮಾತು ಮೊಬೈಲಿನಿಂದ ಮೊಬೈಲಿಗೆ ಹೋಗಿ ಊರಿಗೆ ಮುಟ್ಟಿತ್ತು. ಬೇನೆ ತಂದವರು ಜಗಳೂರಿನವರು ಎಂದು ಊರು ತೀರ್ಮಾನಿಸಿತು. ಕುರಿಗಳನ್ನು ಗಡಿ ದಾಟಿಸಬೇಕು ಎಂದು ಪಂಚಾಯ್ತಿ ಮೆಂಬರ್ ನಾಗರಾಜಪ್ಪ ಹೇಳಿದರು. ನಾನು ಡಾಕ್ಟ್ರಮ್ಮನಿಗೆ ಫೋನ್ ಮಾಡಿದೆ.

ಅವರು ಮಂಗಳವಾರ ಬೆಳಿಗ್ಗೆ ಬಂದರು. ಬಂದವರೇ ಅರಳಿಕಟ್ಟೆಯ ಹತ್ತಿರ ನಾಗರಾಜಪ್ಪನವರ ಎದುರು ನಿಂತು ಹೇಳಿದರು: “ಯಜಮಾನ್ರೇ, ರಕ್ತದಾಗೆ ಸಿಕ್ಕಿರೋದು ವೈರಸ್ಸಲ್ಲ. ವೈರಸ್ಸಿನ ಪ್ರೋಟೀನಿಗೆ ಮೈ ಕೊಟ್ಟ ಉತ್ತರ. ಇವರ ಕುರಿಗೆ ಸೂಜಿ ಆಗೈತೆ. ಲಸಿಕೆ ಅಂದ್ರೆ ಶಕ್ತಿ ಕಳಕಂಡ ವೈರಸ್ಸೇ. ಅದಕ್ಕೂ ಮೈ ಅದೇ ಉತ್ತರ ಕೊಡ್ತೈತೆ.”

“ಹಂಗಾರೆ ಸೂಜಿಯಿಂದ ಬಂದಿದ್ದು, ಬೇನೆಯಿಂದ ಬಂದಿದ್ದು, ಬೇರೆ ಮಾಡ್ರಿ,” ಎಂದರು ನಾಗರಾಜಪ್ಪ. ಅವರು ದಡ್ಡರಾಗಿರಲಿಲ್ಲ.

“ಅದೇ ನನ್ನ ಕೆಲಸ ಯಜಮಾನ್ರೇ. ಎರಡನ್ನೂ ಬೇರೆ ಮಾಡಿ ತೋರ್ಸೋ ಒಂದು ಪ್ರೋಟೀನ್ ಸಿಗ್ತೈತಾ ಅಂತ ಹುಡುಕ್ತಾನೇ ಇದ್ದೀನಿ. ಸಿಕ್ಕಿಲ್ಲ.”

ಯಾರೋ ಹಿಂದಿನಿಂದ, “ಇಷ್ಟು ಓದಿ ಇದನ್ನ ಹೇಳಾಕೆ ಬಂದ್ರಾ,” ಎಂದರು. ಡಾಕ್ಟ್ರಮ್ಮ ಆ ಕಡೆ ತಿರುಗಿ, ನಿಜವಾಗಿ ಉತ್ತರ ಕೊಡುವವರಂತೆ, “ಇಲ್ಲ. ಮೂಗು ನೋಡಾಕೆ ಬಂದೆ. ಮೂಗಿನಾಗೆ ಆ ಪ್ರೋಟೀನ್ ಇದ್ರೆ ವೈರಸ್ಸು ಈಗ ಅಲ್ಲೇ ಬೆಳೀತಾ ಐತೆ ಅಂತ ಅರ್ಥ. ಎರಡು ದಿನ ಕೊಡ್ರಿ. ಅಲ್ಲಿ ತನಕ ಕುರಿನೂ ಅಲ್ಲಾಡಬಾರದು, ಮೇಕೆನೂ ಅಲ್ಲಾಡಬಾರದು,” ಅಂದರು.

ನಾಗರಾಜಪ್ಪ ಆಗಲಿ ಎಂದೂ ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ.

ನಾವು ಮೊದಲು ಗಾದ್ರಜ್ಜನ ಕುರಿಗಳ ಮೂಗಿನಿಂದ ಮಾದರಿ ತೆಗೆದೆವು. ಅಜ್ಜ ಒಂದೊಂದನ್ನೂ ಕರೆದು ತಂದು ಹಿಡಿದುಕೊಟ್ಟರು. ಆಮೇಲೆ ಊರಿನ ಮೇಕೆಗಳು. ರತ್ನಮ್ಮನ ಮನೆಯಲ್ಲಿ ಆಗ ಉಳಿದದ್ದು ಒಂದು ಮೇಕೆ, ಒಂದು ಸಣ್ಣ ಹೋತದ ಮರಿ. ಮರಿಯ ಮೂಗಿನ ಸುತ್ತ ಸಿಂಬಳ ಒಣಗಿ ಹೊಪ್ಪಳೆಯಾಗಿತ್ತು. ಡಾಕ್ಟ್ರಮ್ಮ ಅದನ್ನು ಮಂಡಿಯ ನಡುವೆ ಹಿಡಿದು, ಕಚಗುಳಿಯ ಮಾತು ಹೇಳಿ, ಕಡ್ಡಿ ಹಾಕಿ ತೆಗೆದರು. ಆಮೇಲೆ ಕೇಳಿದರು: “ಇದರ ತಾಯಿ ಎಲ್ಲಿ ರತ್ನಮ್ಮ?”

ರತ್ನಮ್ಮ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. “ಇದು ನಮ್ಮ ಮರಿಯಲ್ಲ ಕಣಮ್ಮ. ಹೋದ ಅಮಾಸೆ ಮಂಗಳವಾರ ಪಕ್ಕದೂರಾರು ಅಜ್ಜಿ ಕಳ್ಸಿದ್ರಲ್ಲ, ಗಡಿಯಾಗೆ ಮೊರದ ಹತ್ರ ಇದನ್ನ ಕಟ್ಟಿದ್ರು. ಮುಟ್ಟಬಾರದು ಅಂತಾರೆ. ಚಳಿಯಾಗೆ ಅರಚ್ತಿತ್ತು. ಬಿಟ್ಟು ಬರಾಕೆ ಮನಸು ಬರಲಿಲ್ಲ.”

ನಮ್ಮ ಕಡೆ ಊರಿಗೆ ಬೇನೆ ಬಿದ್ದರೆ ಅಜ್ಜಿ ಕಳಿಸುತ್ತಾರೆ; ಅಜ್ಜಿ ಅಂದರೆ ಬೇನೆಯ ದೇವತೆ. ಮೊರದಲ್ಲಿ ಬೇವಿನ ಸೊಪ್ಪು, ಹೋಳಿಗೆ, ಮೊಸರನ್ನ, ಬಳೆ ಇಟ್ಟು, ಹಲಗೆ ಬಡಿದುಕೊಂಡು ಹೋಗಿ, ಊರ ಗಡಿಯ ಆಚೆ ಇಟ್ಟು, ತಿರುಗಿ ನೋಡದೆ ಬರುತ್ತಾರೆ. ಕೆಲವು ಊರಿನವರು ಮೊರದ ಜೊತೆ ಒಂದು ಜೀವವನ್ನೂ ಬಿಡುತ್ತಾರೆ, ಕೋಳಿಯೋ ಮರಿಯೋ. ಬೇನೆ ಅದರ ಮೈಮೇಲೆ ಹೋಯಿತು ಎಂದು ನಂಬಿಕೆ. ಬೇನೆಯ ಮನೆಯಿಂದಲೇ ಆ ಮರಿಯನ್ನು ಕೊಡುವುದು ವಾಡಿಕೆ.

ನಾನು ಡಾಕ್ಟ್ರಮ್ಮನ ಮುಖ ನೋಡಿದೆ. ಅವರು ಕಡ್ಡಿಯನ್ನು ಸೀಸೆಗೆ ಇಳಿಸಿ, ಮುಚ್ಚಳ ತಿರುಗಿಸಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟರು. ಹೊರಗೆ ಬಂದ ಮೇಲೆ ನಾನು, “ಅಕ್ಕಾ, ಇದೇ ಅಲ್ವಾ,” ಎಂದೆ.

“ಬಣ್ಣ ಬರ್ಲಿ,” ಎಂದರು.

ಆಗಲೇ ಹಲಗೆಯ ಸದ್ದು ಕೇಳಿಸಿತು. ಊರಿನವರು ಎರಡು ದಿನ ಕಾಯಲಿಲ್ಲ. ಮಂಗಳವಾರ ಅಜ್ಜಿಯ ವಾರ; ಅದು ಕಳೆದರೆ ಮತ್ತೆ ಮುಂದಿನ ಮಂಗಳವಾರವೇ. ಮುಂದೆ ಮೊರ, ಹಿಂದೆ ಗಾದ್ರಜ್ಜನ ಇಡೀ ಮಂದೆಯನ್ನು ಕೋಲು ಬೀಸಿ ಕಾಲುವೆ ಏರಿಗೆ ಹತ್ತಿಸಿದ್ದರು. ತೂಬೇ ಎರಡೂರ ಗಡಿ. ನಾವು ಅಡ್ಡದಾರಿಯಲ್ಲಿ ಓಡಿ ತೂಬು ಮುಟ್ಟಿದೆವು; ರತ್ನಮ್ಮನೂ ನಮ್ಮ ಹಿಂದೆಯೇ ಓಡಿ ಬಂದಳು. ನೋಡಿದರೆ ಗಡಿಯ ಆಚೆ, ಏರಿಗೆ ಅಡ್ಡಲಾಗಿ, ಪಕ್ಕದೂರಿನವರು ಕೋಲು ಹಿಡಿದು ನಿಂತಿದ್ದರು. “ನಿಮ್ಮ ಅಜ್ಜಿನ ನಮ್ಮ ಮೇಲೆ ಬಿಡ್ತೀರೇನ್ರೋ,” ಎಂದು ಕೂಗುತ್ತಿದ್ದರು.

ಡಾಕ್ಟ್ರಮ್ಮ ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟು ಏರಿಯ ಮಧ್ಯೆ ನಿಂತರು. ಹಲಗೆ ನಿಂತಿತು. ನಾಗರಾಜಪ್ಪ ಮುಂದೆ ಬಂದರು.

“ಮೇಡಂ, ನೀವು ದೊಡ್ಡೋರು. ಒಂದೇ ಮಾತು ಹೇಳ್ರಿ, ಎಲ್ಲರೂ ಕೇಳ್ತೀವಿ. ಈ ಕುರಿಯಾಗೆ ಬೇನೆ ಐತಾ, ಇಲ್ವಾ?”

ಗಾದ್ರಜ್ಜ ಮಂದೆಯ ನಡುವೆ ನಿಂತು ಅವರನ್ನೇ ನೋಡುತ್ತಿದ್ದರು. ಇಲ್ಲ ಎಂದರೆ ಸಾಕಿತ್ತು. ಮಂದೆ ಹಿಂದಕ್ಕೆ ತಿರುಗುತ್ತಿತ್ತು. ಆ ಊರಿನವರು ಅವರ ಮಾತು ಕೇಳುವ ಮನಸ್ಸಿನಲ್ಲಿದ್ದರು ಎಂದು ನಾನು ಇವತ್ತಿಗೂ ನಂಬಿದ್ದೇನೆ.

“ಈಗ ನನಗೆ ಗೊತ್ತಿಲ್ಲ,” ಎಂದರು ಡಾಕ್ಟ್ರಮ್ಮ. “ನಾಳಿದ್ದು ಹೇಳ್ತೀನಿ.”

“ಗೊತ್ತಿಲ್ಲ ಅಂದ್ರೆ ಐತೆ ಅಂತಲೇ,” ಎಂದು ಯಾರೋ ಅಂದರು. ಹಲಗೆ ಮತ್ತೆ ಶುರುವಾಯಿತು.

ಆಮೇಲಿನದನ್ನು ನಾನು ಕಂಡ ಕ್ರಮದಲ್ಲೇ ಬರೆಯುತ್ತೇನೆ. ಹಿಂದಿನಿಂದ ಕೋಲು ಬೀಸಿದರು. ಮುಂದಿನಿಂದ ಆಚೆಯವರು ಕೋಲು ಬೀಸಿದರು. ಏರಿ ಒಂದು ಗಾಡಿ ಹೋಗುವಷ್ಟು ಅಗಲ. ಮಂದೆಯ ಮುಂದಿದ್ದ ಕೊಂಬಿನ ಟಗರು ಬಲಕ್ಕೆ ಸರಿದು, ಸಿಮೆಂಟಿನ ಮೇಲೆ ಕಾಲಿಟ್ಟು, ಜಾರಿ ನೀರಿಗೆ ಬಿತ್ತು. ಕುರಿ ಮುಂದಿನ ಕುರಿಯ ಹಿಂದೆ ಹೋಗುತ್ತದೆ; ಅದರ ಹಿಂದಿನದು ಹಾರಿತು, ಅದರ ಹಿಂದಿನದು ಹಾರಿತು. ಯಾರೂ ನೂಕಲಿಲ್ಲ. ನೂಕಿದರು ಎಂದು ಆಮೇಲೆ ಕೆಲವರು ಹೇಳಿದರು; ನಾನು ಅದನ್ನು ಕಾಣಲಿಲ್ಲ. ಕೋಲುಗಳು ಕೆಳಗಿಳಿದವು. ಎರಡೂ ಊರಿನವರು ನಿಂತು ನೋಡಿದರು, ಆಮೇಲೆ ಎರಡೂ ಊರಿನವರು ಇಳಿದು ಹಿಡಿಯಲು ಹೋದರು. ಕಾಲುವೆಯ ಗೋಡೆ ಪಾಚಿಗಟ್ಟಿತ್ತು. ಉಣ್ಣೆ ನೀರು ಕುಡಿದು ಭಾರವಾಗಿತ್ತು. ಗಾದ್ರಜ್ಜ ಏರಿಯ ಮೇಲೆ ನಿಂತು, ಸಂಜೆ ಮಂದೆ ಕೂಡುವಾಗ ಕೂಗುವ ಕೂಗನ್ನೇ ಕೂಗಿದರು. ನೀರಿನಲ್ಲಿದ್ದ ಕುರಿಗಳು ಆ ದನಿಗೆ ತಲೆ ತಿರುಗಿಸಿದವು. ಹತ್ತಲು ಆಗಲಿಲ್ಲ.

ಡಾಕ್ಟ್ರಮ್ಮ ಮಲಗಿ ಕೈ ಚಾಚಿದ್ದು ಆಗ. ಒಂದು ಮರಿಯನ್ನು ಅವರು ಮೇಲಕ್ಕೆಳೆದರು. ಕಿವಿ ಜಾರಿದ ಕುರಿ ಹೋಯಿತು.

ಮಂದೆಯ ಹೆಚ್ಚಿನ ಪಾಲು ಹೋಯಿತು. ಗಾದ್ರಜ್ಜ ಹೆಗಲ ಕಂಬಳಿ ತೆಗೆದು, ಮೇಲೆ ತಂದು ಹಾಕಿದ್ದ ಒಂದು ಸತ್ತ ಕುರಿಗೆ ಹೊದಿಸಿ, ಅದರ ಪಕ್ಕ ಕೂತರು. ಡಾಕ್ಟ್ರಮ್ಮ ಹತ್ತಿರ ಹೋಗಿ ಕುಕ್ಕರಗಾಲಿನಲ್ಲಿ ಕೂತರು. ಅಜ್ಜ ಸಿಟ್ಟಿಲ್ಲದ ದನಿಯಲ್ಲಿ ಹೇಳಿದರು: “ಇಲ್ಲ ಅಂದ್ಬಿಟ್ಟಿದ್ರೆ ಆಗ್ತಿತ್ತಲ್ಲ ಡಾಕ್ಟ್ರವ್ವಾ.”

ಅವರು ಕಂಬಳಿಯ ಅಂಚನ್ನು ಎಳೆದು ಕುರಿಯ ಕಾಲು ಮುಚ್ಚಿದರು.

ಮಾದರಿಗಳು ಕೆಡಬಾರದೆಂದು ಅದೇ ಒದ್ದೆ ಬಟ್ಟೆಯಲ್ಲಿ ಜೀಪು ಹತ್ತಿದೆವು. ಮರುದಿನ ತಟ್ಟೆಯ ಮುಂದೆ ನಾನೂ ಇದ್ದೆ. ಹೊತ್ತು ತುಂಬಿದ ಮೇಲೆ ಅವರು ಕಾಗದ ಸರಿಸಿದರು. ಜಗಳೂರಿನ ಕುರಿಗಳ ಸಾಲುಗಳು ನೀರಿನಂತೆ ತಿಳಿಯಾಗಿದ್ದವು. ಊರಿನ ಮೇಕೆಗಳ ಕುಳಿಗಳಲ್ಲಿ ಬಣ್ಣ ಬಂದಿತ್ತು. ಎಲ್ಲಕ್ಕಿಂತ ಗಾಢವಾಗಿದ್ದದ್ದು ಆ ಹೋತದ ಮರಿಯದು. ಅವರು ಎಲ್ಲವನ್ನೂ ಮತ್ತೆ ಮೊದಲಿನಿಂದ ಮಾಡಿದರು. ಅದೇ ಬಂತು.

ಹೇಳಿದ ದಿನ ಊರಿಗೆ ಹೋದರು. ಹೋಗಬೇಡಿ, ನಾನು ಹೇಳುತ್ತೇನೆ ಎಂದರೂ ಕೇಳಲಿಲ್ಲ. ಅರಳಿಕಟ್ಟೆಯ ಎದುರು ಜನ ಸೇರಿದ್ದರು. “ಕುರಿಯಾಗೆ ಸಿಕ್ಕಿಲ್ಲ. ನಿಮ್ಮ ಮೇಕೆಯಾಗೆ ಸಿಕ್ಕೈತೆ,” ಎಂದರು. ಬೇರೆ ಮುನ್ನುಡಿ ಇರಲಿಲ್ಲ.

ನಾಗರಾಜಪ್ಪನವರ ಮುಖ ಬಿಳಿಚಿಕೊಂಡಿತು. ಅವರೇ ಕೇಳಿದರು: “ಹಂಗಾರೆ ನಮ್ಮೂರಿಗೆ ಎಲ್ಲಿಂದ ಬಂತು?”

ರತ್ನಮ್ಮ ಹೆಂಗಸರ ಗುಂಪಿನಲ್ಲಿ ಸೆರಗನ್ನು ಬಾಯಿಗೆ ಒತ್ತಿ ನಿಂತಿದ್ದಳು. ಡಾಕ್ಟ್ರಮ್ಮ ಆ ಕಡೆ ಕಣ್ಣು ಹಾಯಿಸಲಿಲ್ಲ.

“ಈ ಪರೀಕ್ಷೆ ಪ್ರೋಟೀನ್ ಐತಾ ಅಂತಷ್ಟೇ ಹೇಳ್ತೈತೆ. ಎಲ್ಲಿಂದ ಬಂತು ಅಂತ ಹೇಳಲ್ಲ,” ಎಂದರು. ಅದೂ ನಿಜವೇ. ಆಮೇಲೆ ಒಂದು ಮಾತು ಸೇರಿಸಿದರು: “ಇನ್ನು ಮೇಲೆ ಅಜ್ಜಿ ಕಳ್ಸಿದ್ರೆ ಬೇವಿನ ಸೊಪ್ಪು ಕಳಿಸ್ರಿ. ಜೀವ ಇರೋದನ್ನ ಗಡಿಗೆ ಬಿಡಬ್ಯಾಡ್ರಿ. ಎರಡೂರಾರಿಗೂ ಹೇಳ್ತಿದ್ದೀನಿ.”

ಅಂದಿನಿಂದ ಪ್ರತಿ ವರ್ಷ, ಲಸಿಕೆ ಹಾಕುವ ಕಾಲಕ್ಕೆ, ಅವರು ಜಗಳೂರಿಗೆ ಬಸ್ಸಿನಲ್ಲಿ ಹೋಗುತ್ತಿದ್ದರು. ಅಲ್ಲಿಂದ ಗಾದ್ರಜ್ಜನ ಹಟ್ಟಿಗೆ. ಅದು ಅವರ ಕೆಲಸವಾಗಿರಲಿಲ್ಲ. ಕೆಲವು ಸಲ ನಾನೂ ಜೊತೆಗಿದ್ದೆ. ಅಜ್ಜ ಮೆಕ್ಕೆಜೋಳದ ರೊಟ್ಟಿ ಕೊಡುತ್ತಿದ್ದರು, ಇವರು ತಿನ್ನುತ್ತಿದ್ದರು, ಕಾಲುವೆಯ ಮಾತು ಇಬ್ಬರೂ ಎತ್ತುತ್ತಿರಲಿಲ್ಲ. ಒಮ್ಮೆ ಹಿಂದಿರುಗುವ ಬಸ್ಸಿನಲ್ಲಿ ನಾನು ಕೇಳಿಯೇಬಿಟ್ಟೆ: “ಅವತ್ತು ಇಲ್ಲ ಅಂದಿದ್ರೆ ಅದು ನಿಜವೇ ಆಗ್ತಿತ್ತಲ್ಲ ಅಕ್ಕಾ?”

“ನಿಜ ಆಗ್ತಿತ್ತು,” ಎಂದರು. ಕಿಟಕಿಯ ಆಚೆ ಶೇಂಗಾ ಹೊಲಗಳು ಹೋಗುತ್ತಿದ್ದವು. “ಆದ್ರೆ ನನಗೆ ಗೊತ್ತಿರ್ತಿರಲಿಲ್ಲ. ಮುಂದಿನ ಊರಾಗೂ ಹಂಗೇ ಅಂದು, ಅಲ್ಲಿ ಸುಳ್ಳಾಗಿದ್ರೆ?” ಮತ್ತೆ ಸ್ವಲ್ಪ ದೂರ ಹೋದ ಮೇಲೆ, “ಹಂಗಂತ ನಿದ್ದೆ ಬರ್ತೈತೆ ಅಂತ ತಿಳೀಬ್ಯಾಡ,” ಅಂದರು.

ಅವರಿಗೆ ಆಮೇಲೆ ಶ್ವಾಸಕೋಶ ಗಟ್ಟಿಯಾಗುತ್ತ ಹೋಗುವ ಕಾಯಿಲೆ ಬಂತು. ಕೆಲಸ ಬಿಟ್ಟು ನ್ಯಾಮತಿಯ ತಮ್ಮನ ಮನೆಗೆ ಬಂದರು. ನಾನು ನೋಡಲು ಹೋದಾಗ ಮೂಗಿಗೆ ಆಮ್ಲಜನಕದ ಕೊಳವೆ ಇತ್ತು. ನಾನು ಅದನ್ನೇ ನೋಡುತ್ತಿರುವುದನ್ನು ಕಂಡು, “ಎಷ್ಟು ಕುರಿ ಮೂಗಿಗೆ ಕಡ್ಡಿ ಹಾಕಿದ್ದೆ ನೋಡು. ಸೇಡು ತೀರಿಸ್ಕಂಡ್ವು,” ಎಂದರು. ನಗಲು ಹೋಗಿ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ, ಈ ಕಾಯಿಲೆ ಯಾಕೆ ಬಂತಂತೆ ಎಂದು ಕೇಳಿದೆ.

“ಕಾರಣ ಗೊತ್ತಿಲ್ಲ ಅಂದ್ರು ಡಾಕ್ಟ್ರು. ಒಳ್ಳೇ ಡಾಕ್ಟ್ರು ಕಣಪ್ಪ.”

ಹೊರಡುವಾಗ ನನ್ನ ಕೈ ಹಿಡಿದರು. ಆ ನುಣ್ಣನೆಯ ಹೆಬ್ಬೆರಳು ನನ್ನ ಮುಂಗೈ ಮೇಲಿತ್ತು. ತಣ್ಣಗಿತ್ತು. ಸೂಜಿಗೂ ಬೇನೆಗೂ ಬೇರೆ ಬೇರೆ ಗುರುತು ತೋರಿಸುವ ಪ್ರೋಟೀನ್ ಸಿಗಲೇ ಇಲ್ಲವಲ್ಲ ಎಂದು ಅವರಾಗಿಯೇ ಹೇಳಿದರು. ಬೇರೆ ಯಾರಿಗಾದರೂ ಸಿಗುತ್ತದೆ ಅಕ್ಕಾ ಎಂದೆ. “ಸಿಗಬಹುದು,” ಎಂದರು. ಸಿಗುತ್ತದೆ ಅನ್ನಲಿಲ್ಲ.

ಆ ಚಳಿಗಾಲ ದಾಟಲಿಲ್ಲ ಅವರು. ಮಣ್ಣಿಗೆ ಗಾದ್ರಜ್ಜ ಜಗಳೂರಿನಿಂದ ಬಂದಿದ್ದರು. ಕಂಬಳಿ ಹೊದ್ದು, ಎಲ್ಲರಿಗಿಂತ ಹಿಂದೆ ನಿಂತಿದ್ದರು.

ಈಗ ಯಾರಾದರೂ ನನ್ನ ಹತ್ತಿರ ಬಂದು, ನಮ್ಮ ಮೇಕೆಗೆ ಇದೇನು ಬೇನೆ ಸಾರ್ ಎಂದರೆ, ಗೊತ್ತಿಲ್ಲ, ನೋಡಿ ಹೇಳುತ್ತೇನೆ ಎನ್ನುತ್ತೇನೆ. ಆ ಮಾತು ಹೇಳಿದಾಗಲೆಲ್ಲ ನೀರಿನಲ್ಲಿ ತಲೆ ತಿರುಗಿಸಿದ ಕುರಿಗಳು ಕಾಣುತ್ತವೆ. ಆದರೂ ಅದನ್ನೇ ಹೇಳುತ್ತೇನೆ. ಅವರಿಂದ ನಾನು ಪಡೆದದ್ದು ಅದು; ಹಗುರವಾದ ಋಣವಲ್ಲ.

ಇದನ್ನು ಬರೆಯುವ ಮೊದಲು ರತ್ನಮ್ಮನ ಮನೆಗೆ ಹೋಗಿದ್ದೆ. ಮರಿಯ ಸಂಗತಿ ಬಿಟ್ಟು ಬರೆಯಲೇ ಎಂದು ಕೇಳಿದೆ. ಅವಳು ಅಂಗಳ ಗುಡಿಸುವುದನ್ನು ನಿಲ್ಲಿಸಿದಳು.

“ಬ್ಯಾಡ ಸಾರ್, ನನ್ನ ಹೆಸರು ಹಾಕೇ ಬರೀರಿ. ಆಯಮ್ಮ ಹೋದ ಮೇಲೆ ಊರಾಗೆ ನಾನೇ ಎಲ್ಲರಿಗೂ ಹೇಳೀನಿ. ಅವತ್ತು ಗೊತ್ತಿದ್ದೂ ಆಯಮ್ಮ ನನ್ನ ಕಡೆ ತಿರುಗಿ ನೋಡಲಿಲ್ಲ. ನೋಡಿದ್ದಿದ್ರೆ ನನ್ನೂ ಗಡಿ ದಾಟಿಸೋರು.”

ನಾಗರಾಜಪ್ಪನವರು ಈಗಿಲ್ಲ. ಅವತ್ತು ಹಲಗೆ ಬಡಿದವರೂ ಇಲ್ಲ. ಏರಿಯ ಮೇಲೆ, ತೂಬಿನ ಹತ್ತಿರ ನಿಂತು, ಅವರು “ಗೊತ್ತಿಲ್ಲ” ಅಂದದ್ದನ್ನು ಕೇಳಿ, ಆಮೇಲೆ ಆದದ್ದನ್ನು ಕಣ್ಣಾರೆ ನೋಡಿ, ಇವತ್ತಿಗೂ ಇರುವವರಲ್ಲಿ ನನಗೆ ಖಚಿತವಾಗಿ ಗೊತ್ತಿರುವವರು ಇಷ್ಟು: ಜಗಳೂರು ಕಡೆಯ ಗಾದ್ರಜ್ಜ, ಕಾಲುವೆ ಕೊನೆಯ ಊರಿನ ರತ್ನಮ್ಮ, ಮತ್ತು ನಾನು.